ಕೆಂಪುನೆಲ, ರಾಗಿ, ಕಾವಲು: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬೇಸಾಯದ ಚರಿತ್ರೆಯಲ್ಲಿ ಹುಲ್ಲುಗಾವಲಿನ ಸ್ಥಾನ

ಹುಲ್ಲುಗಾವಲು ಪ್ರದೇಶಗಳ ಬೇಸಾಯವನ್ನು ಕುರಿತು ಭೂಗೋಳ ಗ್ರಂಥಗಳು ಹೇಳುವ ಮಾತು ಸಾಮಾನ್ಯವಾಗಿ ಒಂದೇ ಬಗೆಯದು. ಉಕ್ರೇನಿನ ಕರಿಮಣ್ಣಿನ ಬಯಲು, ಉತ್ತರ ಅಮೆರಿಕದ ಪ್ರೇರಿ, ಅರ್ಜೆಂಟೀನದ ಪಂಪಾ ಮೊದಲಾದ ಕಡೆಗಳಲ್ಲಿ ಸಹಸ್ರಾರು ವರ್ಷಗಳ ಕಾಲ ಹುಲ್ಲು ಬೆಳೆದು, ಒಣಗಿ, ಅದರ ಬೇರುಗಳು ಮಣ್ಣಿನಲ್ಲಿಯೇ ಕಳಿತು ನೆಲವು ಆಳವಾಗಿಯೂ ಕಪ್ಪಾಗಿಯೂ ಸಾರವತ್ತಾಗಿಯೂ ಪರಿಣಮಿಸಿತು. ತರುವಾಯ ನೇಗಿಲು ಬಂದು ಆ ಸಂಚಿತ ಸಾರವನ್ನು ಗೋದಿಯಾಗಿ ಮಾರ್ಪಡಿಸಿತು. ಹುಲ್ಲು ಮೊದಲು, ಧಾನ್ಯ ಆಮೇಲೆ. ಒಂದು ಬಂದಾಗ ಇನ್ನೊಂದು ಹೋಗತಕ್ಕದ್ದು. ಈ ಪಾಠವನ್ನು ಓದಿದ ವಿದ್ಯಾರ್ಥಿಯು ನಮ್ಮ ಮೈದಾನ ಸೀಮೆಯ ಕಾವಲುಗಳನ್ನು ನೋಡಿದಾಗ ಎರಡರಲ್ಲೊಂದು ತೀರ್ಮಾನಕ್ಕೆ ಬರುವ ಸಂಭವವುಂಟು. ಇದು ಇನ್ನೂ ನೇಗಿಲನ್ನು ಕಾಣದ ಒಳ್ಳೆಯ ನೆಲ, ಉಳುವವರು ಬಂದರೆ ಸಾಕು ಎಂಬುದು ಒಂದು. ಇದು ಯಾವುದಕ್ಕೂ ಬಾರದ ಬಂಜರು, ಆದುದರಿಂದಲೇ ಹುಲ್ಲಿಗೆ ಬಿಟ್ಟಿದ್ದಾರೆ ಎಂಬುದು ಇನ್ನೊಂದು. ಕಳೆದ ನೂರೈವತ್ತು ವರ್ಷಗಳ ಆಡಳಿತವೂ ಈ ಎರಡು ತೀರ್ಮಾನಗಳ ನಡುವೆಯೇ ತೂಗಾಡಿದೆ.

ಎರಡೂ ಸರಿಯಲ್ಲವೆಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಮೂರು ನೆರೆಯ ತಾಲ್ಲೂಕುಗಳ ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ. ಈ ಸೀಮೆಯಲ್ಲಿ ಹುಲ್ಲು ತಾನು ಬೆಳೆದ ನೆಲವನ್ನು ಸಾರವತ್ತಾಗಿ ಮಾಡಲಿಲ್ಲ; ದನಕುರಿಗಳ ಮೂಲಕ ಬೇರೊಂದು ನೆಲವನ್ನು, ಎಂದರೆ ಊರ ಸುತ್ತಣ ರಾಗಿಯ ಹೊಲವನ್ನು, ಸಾರವತ್ತಾಗಿ ಮಾಡಿತು. ಕಾವಲು ಬೇಸಾಯದ ಹೊರಗಿನ ಭೂಮಿಯಲ್ಲ; ಬೇಸಾಯದ ಒಂದು ಅಂಗ. ಹಾಗೆ ಆಗುವುದಕ್ಕೆ ಇಲ್ಲಿನ ಮಳೆ ಮತ್ತು ಮಣ್ಣುಗಳೇ ಕಾರಣ.

ಮೊದಲು ನೆಲದ ಸ್ವರೂಪವನ್ನು ಗಮನಿಸೋಣ. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು ೨,೫೦೦ ರಿಂದ ೨,೭೦೦ ಅಡಿ ಎತ್ತರದಲ್ಲಿ ಹರಡಿರುವ ಏರಿಳಿತದ ಬಯಲು. ತುಮಕೂರಿನ ಪೂರ್ವಕ್ಕೆ ದೇವರಾಯನದುರ್ಗದ ಬೆಟ್ಟಸಾಲು ಎದ್ದು ನಿಂತಿದೆ. ಈ ಬೆಟ್ಟಗಳೇ ನೀರಿನ ದಾರಿಯನ್ನು ಇಬ್ಭಾಗ ಮಾಡುತ್ತವೆ. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಶಿಂಷಾ ದಕ್ಷಿಣಾಭಿಮುಖವಾಗಿ ಗುಬ್ಬಿಯ ಕಡಬ, ಕುಣಿಗಲಿನ ಮಾರ್ಕೋನಹಳ್ಳಿಗಳ ಮೂಲಕ ಸಾಗಿ ಕಾವೇರಿಯನ್ನು ಸೇರುತ್ತದೆ. ನದಿಗಳು ಹುಟ್ಟುವ ನೆಲದಲ್ಲಿ ದೊಡ್ಡ ನದಿ ಇರುವುದಿಲ್ಲವೆಂಬುದು ಸ್ವತಃಸಿದ್ಧ. ಆದುದರಿಂದ ಇಲ್ಲಿನ ರೈತನು ಹೊಳೆಯನ್ನು ನಂಬಿದವನಲ್ಲ. ಮಳೆಯನ್ನೂ, ಮಳೆ ಹಳ್ಳಗಳಿಗೆ ಕಟ್ಟಿದ ಕೆರೆಯನ್ನೂ ನಂಬಿದವನು.

ತಳದ ಬಂಡೆ ಬಹುಮಟ್ಟಿಗೆ ಅತಿ ಪುರಾತನವಾದ ನೈಸ್ ಶಿಲೆ. ಅದು ಶಿಥಿಲಗೊಂಡು ಉಂಟಾದ ಮಣ್ಣು ಕೆಂಪು. ದಿಬ್ಬದ ನೆತ್ತಿಯಿಂದ ಹಳ್ಳದ ತಳದವರೆಗೆ ಒಮ್ಮೆ ನಡೆದರೆ ಈ ನಾಡಿನ ಬೇಸಾಯದ ವಿನ್ಯಾಸವೆಲ್ಲ ಕಣ್ಣಿಗೆ ಬೀಳುತ್ತದೆ. ನೆತ್ತಿಯಲ್ಲಿ ಗರಸು, ಬೆಣಚುಕಲ್ಲು, ಅಂಗುಲಗಳಲ್ಲಿ ಅಳೆಯಬಹುದಾದ ತೆಳ್ಳನೆಯ ಮಣ್ಣು. ಅಲ್ಲಿ ಹುಲ್ಲು, ತಂಗಡಿ, ಜಾಲಿ. ಇಳಿಜಾರಿನಲ್ಲಿ ಮರಳು ಬೆರೆತ ಕೆಂಪು ಗೋಡು. ಅದು ರಾಗಿಯ ಬೆದ್ದಲು. ಅದಕ್ಕೂ ಕೆಳಗೆ, ಮೇಲಿನಿಂದ ಕೊಚ್ಚಿ ಬಂದ ನಯವಾದ ಮಣ್ಣು ಕೂಡಿ ಕಂದು ಅಥವಾ ಕಪ್ಪು ಛಾಯೆ ತಳೆದ ತಗ್ಗು. ಅಲ್ಲಿ ಕೆರೆ, ಕೆರೆಯ ಹಿಂದೆ ಗದ್ದೆ, ತೆಂಗು, ಅಡಕೆ. ಗದ್ದೆ, ಬೆದ್ದಲು, ತೋಟ ಎಂದು ನಮ್ಮ ಶಾಸನಗಳು ದಾನಭೂಮಿಯನ್ನು ವಿಂಗಡಿಸುವುದು ಕೇವಲ ಲೆಕ್ಕದ ಅನುಕೂಲಕ್ಕಲ್ಲ. ಅದು ಇಳಿಜಾರಿನ ಮೇಲೆ ಮಣ್ಣು ತಾನೇ ಮಾಡಿಕೊಂಡ ವಿಂಗಡಣೆ. ಆದರೆ ದಿಬ್ಬದ ನೆತ್ತಿಯ ಹುಲ್ಲುನೆಲ ಈ ತ್ರಿವಿಧ ವಿಂಗಡಣೆಯಲ್ಲಿ ಸೇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಕೆಂಪುಮಣ್ಣಿನ ಗುಣದೋಷಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಅದು ಹಗುರವಾದ ಮಣ್ಣು. ಒಂದು ಹದ ಮಳೆ ಬಿದ್ದರೆ ಸಾಕು, ಉಳಬಹುದು. ಎರೆಭೂಮಿಯಂತೆ ಅದು ನೇಗಿಲಿಗೆ ಅಂಟಿಕೊಳ್ಳುವುದಿಲ್ಲ. ಸ್ವಲ್ಪ ಮಳೆಯ ನೀರನ್ನೂ ಪೈರಿಗೆ ಬೇಗ ಬಿಟ್ಟುಕೊಡುತ್ತದೆ. ಇವು ಅದರ ಗುಣಗಳು. ಆದರೆ ಕುಡಿದ ನೀರನ್ನು ಬಹುಕಾಲ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ರಭಸದ ಮಳೆ ಬಿದ್ದು ಬಿಸಿಲು ಬಂದರೆ ಮೇಲ್ಮೈ ಹೆಪ್ಪುಗಟ್ಟಿ ಮೊಳಕೆ ಮೇಲೇಳುವುದೇ ಕಷ್ಟ. ಸಾರಜನಕವೂ ರಂಜಕವೂ ಅಲ್ಪ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳೆತ ಸಸ್ಯಾಂಶ ಅದರಲ್ಲಿ ನಿಲ್ಲುವುದಿಲ್ಲ. ಉಕ್ರೇನಿನಲ್ಲಿ ದೀರ್ಘವಾದ ಚಳಿಗಾಲ ಕೊಳೆಯುವ ಕ್ರಿಯೆಯನ್ನು ತಡೆಹಿಡಿಯುವುದರಿಂದ ಹುಲ್ಲಿನ ಬೇರು ಮಣ್ಣಿನಲ್ಲಿ ಕರಿಯ ಸಾರವಾಗಿ ಸಂಚಯವಾಗುತ್ತದೆ. ನಮ್ಮಲ್ಲಿ ವರ್ಷವೆಲ್ಲ ಬಿಸುಪು. ತೇವವಾದಾಗ ಕೊಳೆಯುವುದು ಶೀಘ್ರ, ಒಣಗಿದಾಗ ಗೆದ್ದಲಿನ ಕೆಲಸ ಶೀಘ್ರ. ಹೀಗಾಗಿ ಕಾವಲಿನಲ್ಲಿ ಸಾವಿರ ವರ್ಷ ಹುಲ್ಲು ಬೆಳೆದರೂ ಅಡಿಯ ಮಣ್ಣು ಪಂಪಾದ ಮಣ್ಣಾಗುವುದಿಲ್ಲ. ಸಾರವು ಇಲ್ಲಿ ನೆಲದಲ್ಲಿ ಕೂಡಿಟ್ಟ ಗಂಟಲ್ಲ. ವರ್ಷವರ್ಷವೂ ತಂದು ಹಾಕಬೇಕಾದ ಸಾಮಗ್ರಿ.

ಇನ್ನು ಮಳೆ. ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿ ಬಿದ್ದಿರುವ ಈ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರಾಗಿ ೨೫ ರಿಂದ ೩೩ ಅಂಗುಲ. ಈ ಸಂಖ್ಯೆಗಿಂತಲೂ ಮಳೆಯ ಹಂಚಿಕೆ ಹೆಚ್ಚು ಮುಖ್ಯವಾದದ್ದು. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಡನೆ ಒಂದು ಏರು. ಮಲೆನಾಡು ತೊಯ್ದು ಮುದ್ದೆಯಾಗುವ ಜೂನ್, ಜುಲೈಗಳಲ್ಲಿ ಇಲ್ಲಿ ಬರಿಯ ಮೋಡ, ಗಾಳಿ, ತುಂತುರು. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಎರಡನೆಯ ಮತ್ತು ದೊಡ್ಡ ಏರು. ರೈತನ ನಕ್ಷತ್ರಗಳ ಭಾಷೆಯಲ್ಲಿ ಹೇಳುವುದಾದರೆ, ಭರಣಿ ಕೃತ್ತಿಕೆಗಳಲ್ಲಿ ಉತ್ತು, ಎಳ್ಳು, ಹೆಸರು, ಅಲಸಂದೆಗಳನ್ನು ಹಾಕಿಕೊಳ್ಳುವುದು. ಆರಿದ್ರೆಯಿಂದ ಪುಷ್ಯದವರೆಗೆ ರಾಗಿ ಬಿತ್ತುವುದು. ಹುಬ್ಬೆ, ಉತ್ತರೆ, ಹಸ್ತೆಗಳಲ್ಲಿ ಕೆರೆ ತುಂಬುವುದನ್ನೂ ರಾಗಿ ತೆನೆಯೊಡೆಯುವುದನ್ನೂ ನೋಡುವುದು. ಬಿತ್ತನೆಯ ಮತ್ತು ತೆನೆಯ ಮಳೆಗಳ ನಡುವೆ ಮೂರು ನಾಲ್ಕು ವಾರಗಳ ಒಣಗಾಲ ಬಂದೇ ಬರುತ್ತದೆ ಎಂದು ತಿಳಿದೇ ಇಲ್ಲಿಯ ಬೇಸಾಯ ಹೊಂದಿಕೊಂಡಿದೆ.

ಈ ಒಣಗಾಲವನ್ನು ಸಹಿಸುವುದರಲ್ಲಿ ರಾಗಿಗೆ ಸಮನಾದ ಪೈರು ಕಡಮೆ. ಬಾಡಿ ಬಗ್ಗಿದ ರಾಗಿಯ ಪೈರು ಒಂದು ಮಳೆಗೆ ತಲೆಯೆತ್ತಿ ಹೊಸ ತೆಂಡೆಗಳನ್ನು ಒಡೆಯುತ್ತದೆ. ಕೂರಿಗೆಯಿಂದ ಸಾಲುಸಾಲಾಗಿ ಬಿತ್ತಿ, ಪೈರು ಎದ್ದ ಮೇಲೆ ಎಡೆಕುಂಟೆ ಹೊಡೆದು ಹೆಪ್ಪುಗಟ್ಟಿದ ಮೇಲ್ಮೈಯನ್ನು ಒಡೆದರೆ ಕಳೆಯೂ ಸಾಯುತ್ತದೆ, ತೇವವೂ ಉಳಿಯುತ್ತದೆ. ಕೆಲವು ಸಾಲುಗಳಿಗೊಮ್ಮೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಹಾಕುವ ಪದ್ಧತಿಯೂ ಮಳೆಯ ಈ ಅನಿಶ್ಚಯದಿಂದಲೇ ಹುಟ್ಟಿದ್ದು. ರಾಗಿ ಕೊಯ್ದ ಮೇಲೂ ಅವರೆಯು ಮಾಗಿಯ ಇಬ್ಬನಿಯಲ್ಲಿ ನಿಂತು ಕಾಯಿ ಬಿಡುತ್ತದೆ. ಬೇಳೆಕಾಳಿನ ಬೇರು ನೆಲಕ್ಕೆ ಸಾರಜನಕವನ್ನು ಕೂಡಿಸುತ್ತದೆ. ಗರಸು ನೆಲಕ್ಕೆ ಕೊನೆಯ ಮಳೆಗಳಲ್ಲಿ ಹುರುಳಿ. ಅದು ಮನುಷ್ಯನಿಗೂ ಎತ್ತಿಗೂ ಕುದುರೆಗೂ ಸಮಾನವಾದ ಆಹಾರ. ಹೀಗೆ ಬಂದ ರಾಗಿಯನ್ನು ನೆಲದೊಳಗಣ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಹಿಡಿಯದು. ಹಗೇವು ಒಣಗಿದ ಕೆಂಪುನೆಲದಲ್ಲಿ ಮಾತ್ರ ಸಾಧ್ಯವಾಗುವ ಕಣಜ. ಜಲ ಉಕ್ಕುವ ನೆಲದಲ್ಲಿ ಅದನ್ನು ತೋಡುವಂತಿಲ್ಲ. ನೀರನ್ನು ಹಿಡಿದಿಡಲಾರದ ಮಣ್ಣು ಧಾನ್ಯವನ್ನು ಹಿಡಿದಿಡಬಲ್ಲದ್ದಾಯಿತು.

ಆದರೆ ರಾಗಿ ಗೊಬ್ಬರವನ್ನು ಬೇಡುವ ಪೈರು. ೧೮೦೦ ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಹೊಲಕ್ಕೆ ಗೊಬ್ಬರ ಹೊಡೆಯುವುದನ್ನೂ ಬಿತ್ತನೆಗೆ ಮುಂಚೆ ಮತ್ತೆ ಮತ್ತೆ ಉಳುವುದನ್ನೂ ಬಹಳ ಶ್ರದ್ಧೆಯಿಂದ ವರ್ಣಿಸಿದ್ದಾನೆ. ಅವನ ಪ್ರವಾಸ ಗ್ರಂಥ ೧೮೦೭ ರಲ್ಲಿ ಪ್ರಕಟವಾಯಿತು. ಈ ಗೊಬ್ಬರ ಎಲ್ಲಿಂದ ಬರಬೇಕು? ರಾಗಿಯ ಹುಲ್ಲೊಂದನ್ನೇ ತಿಂದ ದನ ಹೊಲಕ್ಕೆ ಹಿಂದಿರುಗಿಸುವುದು ಹೊಲ ಕೊಟ್ಟುದರಲ್ಲಿ ಒಂದು ಭಾಗವನ್ನು ಮಾತ್ರ. ಧಾನ್ಯದಲ್ಲಿ ಹೋದ ಸಾರ ಹೋದಂತೆಯೇ. ಆ ನಷ್ಟವನ್ನು ತುಂಬಬೇಕಾದರೆ ಹೊಲದ ಹೊರಗಿನಿಂದ ಏನಾದರೂ ಒಳಬರಬೇಕು. ಬೆಳಗ್ಗೆ ಗೋಮಾಳಕ್ಕೋ ಗುಡ್ಡಕ್ಕೋ ಹೋದ ದನ ಸಂಜೆ ಕೊಟ್ಟಿಗೆಗೆ ಮರಳುವಾಗ ಹೊಟ್ಟೆಯಲ್ಲಿ ಹೊತ್ತು ತರುತ್ತಿದ್ದುದು ಅದನ್ನೇ. ರಾತ್ರಿಯ ಸಗಣಿ ತಿಪ್ಪೆಗೆ, ತಿಪ್ಪೆಯಿಂದ ಬೇಸಗೆಯಲ್ಲಿ ಗಾಡಿಯ ಮೂಲಕ ಹೊಲಕ್ಕೆ. ಕುರಿಗಳ ವಿಷಯದಲ್ಲಿ ಗಾಡಿಯೂ ಬೇಕಾಗಿರಲಿಲ್ಲ; ಕುರುಬರ, ಗೊಲ್ಲರ ಮಂದೆಯನ್ನು ರಾತ್ರಿ ಹೊಲದಲ್ಲಿಯೇ ತಂಗಿಸಿ, ಪ್ರತಿಯಾಗಿ ಕಾಳು ಕೊಡುತ್ತಿದ್ದರು. ಗುಬ್ಬಿ, ಚಿಕ್ಕನಾಯಕನಹಳ್ಳಿ, ಸಿರಾ ಕಡೆಯ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಾವ್ಯವನ್ನು ಇಂದಿಗೂ ಹಾಡುತ್ತಾರೆ. ಅದರ ನಾಯಕ ಒಬ್ಬ ಗೋಪಾಲಕ. ಪಶುಪಾಲಕರನ್ನು ಬೇಸಾಯದ ಹಿಂದಿನ ಹಂತಕ್ಕೆ ಸೇರಿದವರೆಂದು ಭಾವಿಸುವ ವಾಡಿಕೆ ಚರಿತ್ರಕಾರರಲ್ಲಿದೆ. ಈ ಸೀಮೆಯ ಮಟ್ಟಿಗೆ ಅದು ತಪ್ಪು ಭಾವನೆಯೆಂದೇ ನನ್ನ ಅಭಿಪ್ರಾಯ. ಅವರ ಮಂದೆಯಿಲ್ಲದೆ ಬೆದ್ದಲಿನ ಬೇಸಾಯ ನಡೆಯುವಂತಿರಲಿಲ್ಲ.

ತಗ್ಗಿನ ನೆಲದ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಕೆರೆಗಳನ್ನು ಕುರಿತ ಬರವಣಿಗೆ ನಮ್ಮಲ್ಲಿ ಸಾಕಷ್ಟಿದೆ. ಶಿಂಷಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆ, ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನ ದೊಡ್ಡ ಕೆರೆ, ತುಮಕೂರಿನ ಅಮಾನಿಕೆರೆ ಮೊದಲಾದವು ದಿಬ್ಬಗಳಿಂದ ಕೊಚ್ಚಿಹೋಗುವ ನೀರನ್ನೂ ಮಣ್ಣನ್ನೂ ಹಿಡಿದು ನಿಲ್ಲಿಸಿದವು. ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಮೇಲಿನ ಹೊಲಕ್ಕೆ ಹೊಡೆಯುವ ಪದ್ಧತಿಯಿಂದ ಕೊಚ್ಚಿಬಂದ ಮಣ್ಣಿನ ಒಂದು ಪಾಲು ಹಿಂದಕ್ಕೆ ಹೋಗುತ್ತಿತ್ತು. ಕೆರೆಯ ಹಿಂದಣ ಅಡಕೆ ತೆಂಗಿನ ತೋಟಗಳೇ ಗುಬ್ಬಿಯ ಹಳೆಯ ಸಂಪತ್ತು. ಗುಬ್ಬಿ ಎಂದೊಡನೆ ಈಗ ನಾಟಕ ಮಂಡಳಿ ನೆನಪಾಗುತ್ತದೆ. ಬುಕಾನನ್ನನ ಕಾಲಕ್ಕೆ ಅದು ಅಡಕೆಯ ವ್ಯಾಪಾರಕ್ಕೆ ಹೆಸರಾದ ಪೇಟೆ. ಮಲೆನಾಡಿನ ಅಡಕೆಯನ್ನು ಕಾಡುವ ಕೊಳೆರೋಗ ಮಳೆ ಕಡಮೆಯಾದ ಈ ಬಯಲುಸೀಮೆಯಲ್ಲಿ ಅಷ್ಟಾಗಿ ತಲೆದೋರುವುದಿಲ್ಲ. ನೀರೊಂದು ದೊರೆತರೆ ಇಲ್ಲಿನ ಒಣಹವೆ ತೋಟಗಾರನಿಗೆ ಅನುಕೂಲವೇ.

ಈಗ ಕಾವಲುಗಳ ಚರಿತ್ರೆಗೆ ಬರೋಣ. ಹಿಂದೆ ಹೇಳಿದ ಹದ ಮಳೆಯ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು. ಕೆಂಪುಮಣ್ಣಿನಲ್ಲಿ ಹದ ನಿಲ್ಲುವುದು ಕೆಲವೇ ದಿನ. ಅಷ್ಟರೊಳಗೆ ಉಳುಮೆ ಬಿತ್ತನೆಗಳು ಮುಗಿಯಬೇಕು. ಇದಕ್ಕೆ ಬೇಕಾದ ಎತ್ತು ಭಾರವನ್ನು ಮೆಲ್ಲಗೆ ಎಳೆಯುವ ಎತ್ತಲ್ಲ. ಹಗುರವಾದ ನೇಗಿಲನ್ನು ಚುರುಕಾಗಿ ಎಳೆಯುವ, ಬಿಸಿಲಿಗೆ ಬಗ್ಗದ, ಅಲ್ಪಾಹಾರಕ್ಕೆ ಒಗ್ಗಿದ ಎತ್ತು. ಕೃಷ್ಣಾ ತೀರದ ಆಳವಾದ ಎರೆಭೂಮಿಗೆ ಅಲ್ಲಿನ ದೊಡ್ಡ ಮೈಕಟ್ಟಿನ ಕೃಷ್ಣಾವ್ಯಾಲಿ ತಳಿ ಒಪ್ಪಿದಂತೆ, ತುಮಕೂರು, ಹಾಸನ, ಮಂಡ್ಯ ಸೀಮೆಗಳ ಕೆಂಪುನೆಲಕ್ಕೆ ಹಳ್ಳಿಕಾರ್ ತಳಿ ಒಪ್ಪಿತು. ಎತ್ತಿನ ತಳಿಯನ್ನು ನಿರ್ಣಯಿಸುವುದರಲ್ಲಿಯೂ ಮಣ್ಣಿನ ಕೈವಾಡ ಇಷ್ಟಿದೆ.

ಹೊಲಕ್ಕೆ ಬೇಕಾಗಿದ್ದ ಇದೇ ಗುಣಗಳು ಸೈನ್ಯಕ್ಕೂ ಬೇಕಾಗಿದ್ದವು. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದಲ್ಲಿ ಅರಮನೆಯ ಹಸುಗಳ ಹಿಂಡುಗಳನ್ನು ನೋಡಿಕೊಳ್ಳಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಏರ್ಪಟ್ಟು, ಹಿಂಡುಗಳ ಮೇವಿಗಾಗಿ ರಾಜ್ಯದ ನಾನಾ ಕಡೆ ಕಾವಲುಗಳನ್ನು ಗೊತ್ತುಮಾಡಲಾಯಿತು. ಹೈದರನು ಈ ಹಿಂಡುಗಳ ಎತ್ತುಗಳನ್ನು ಫಿರಂಗಿ, ಮದ್ದುಗುಂಡುಗಳ ಸಾಗಣೆಗೆ ಬಳಸಿದನು. ಟಿಪ್ಪುವು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು ಅದಕ್ಕೆ ಕಟ್ಟುಕಟ್ಟಳೆಗಳನ್ನು ವಿಧಿಸಿದನು. ಹಳ್ಳಿಕಾರ್ ತಳಿಯೇ ಅಮೃತ ಮಹಲ್ ತಳಿಯ ಮೂಲದಲ್ಲಿ ಮುಖ್ಯವಾದುದೆಂದು ಪರಿಗಣಿತವಾಗಿದೆ. ೧೭೯೯ ರ ತರುವಾಯ ಹಿಂಡುಗಳು ಇಂಗ್ಲಿಷರ ವಶವಾದವು. ೧೮೧೩ ರಲ್ಲಿ ಮದ್ರಾಸ್ ಸೈನ್ಯದ ಸರಬರಾಜು ಶಾಖೆಯ ಕ್ಯಾಪ್ಟನ್ ಹಾರ್ವೆ ಎಂಬಾತನು ಅವುಗಳ ಆಡಳಿತವನ್ನು ವಹಿಸಿಕೊಂಡನು. ೧೮೬೦ ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಹಿಂಡುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಕ್ಕದೆ ಮತ್ತೆ ಸ್ಥಾಪಿಸಬೇಕಾಯಿತು. ೧೮೮೦ ರ ದಶಕದ ಆದಿಯಲ್ಲಿ ಅವು ಮೈಸೂರು ಸರ್ಕಾರಕ್ಕೆ ಬಂದವು.

ಲೂಯಿ ರೈಸ್ ತನ್ನ ಗ್ಯಾಸೆಟಿಯರಿನಲ್ಲಿ ಕೊಡುವ ಒಂದು ವಿವರ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಕೆರೆಯಂಗಳ, ನೆರಳು, ನೀರು ಇದ್ದವು ಬೇಸಗೆಗೆ. ಮಳೆ ಬಂದಾಗ ಮಾತ್ರ ಹುಲ್ಲೂ ನೀರೂ ಇರುತ್ತಿದ್ದವು ಉಳಿದ ಋತುಗಳಿಗೆ. ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಅದು ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ಹೂವಾಗಿ ಬೀಜವಾಗುವಷ್ಟು ಬಿಡುವು ದೊರೆಯುತ್ತಿತ್ತು. ಮೇಯುವುದಕ್ಕೆ ಎಷ್ಟು ಮಹತ್ತ್ವವೋ ಬಿಡುವಿಗೂ ಅಷ್ಟೇ. ಗುಡ್ಡದ ತೆಳುಮಣ್ಣನ್ನು ಹಿಡಿದಿಟ್ಟದ್ದು, ಕೆರೆಗೆ ಹೂಳಿಗಿಂತ ಹೆಚ್ಚಾಗಿ ನೀರು ಬರುವಂತೆ ಮಾಡಿದ್ದು, ಈ ಬಿಡುವಿನಿಂದ ಉಳಿದ ಹುಲ್ಲಿನ ಹೊದಿಕೆಯೇ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ವ್ಯವಸ್ಥೆಯೆಲ್ಲ ರಾಮರಾಜ್ಯವೆಂದು ಭಾವಿಸಲಾಗದು. ಕಾವಲು ಎಂಬ ಮಾತಿನ ಅರ್ಥವೇ ಕಾಯ್ದಿಟ್ಟದ್ದು ಎಂದು. ಅರಸನ ಹಿಂಡಿಗೆ ಕಾಯ್ದ ಹುಲ್ಲು ಊರ ದನಕ್ಕೆ ನಿಷಿದ್ಧ. ಒಳ್ಳೆಯ ಹುಲ್ಲುನೆಲ ಸರ್ಕಾರಕ್ಕೆ ಸೇರಿ, ಊರವರಿಗೆ ಊರ ಸಮೀಪದ ಸವೆದ ಗೋಮಾಳ ಉಳಿದ ಉದಾಹರಣೆಗಳು ಕಡಮೆಯಲ್ಲ. ಕುಣಿಗಲ್ಲಿನ ಕುದುರೆ ಲಾಯದ ವಿಷಯವೂ ಇಂಥದೇ. ಹೈದರ್, ಟಿಪ್ಪುಗಳ ಕಾಲದಿಂದ ಅಶ್ವದಳಕ್ಕಾಗಿ ಕುದುರೆಗಳನ್ನು ಬೆಳೆಸಿದ ಆ ನೂರಾರು ಎಕರೆ ನೆಲ ರಾಜ್ಯದ ಕೆಲಸಕ್ಕೆ ಮೀಸಲಾಗಿತ್ತೇ ಹೊರತು ಊರ ಬೇಸಾಯಕ್ಕಲ್ಲ. ಆದರೂ ಈ ಮೀಸಲಿನಿಂದ ಒಂದು ಅನುದ್ದೇಶಿತ ಫಲವುಂಟಾಯಿತು: ಹುಲ್ಲು ಉಳಿಯಿತು.

ಹೊಲಕ್ಕೂ ಹುಲ್ಲಿಗೂ ಇದ್ದ ಸಂಬಂಧ ಕಾಗದದ ಮೇಲೆ ಕಡಿದುಹೋದದ್ದು ಕಂದಾಯದ ಮೋಜಣಿಯಲ್ಲಿ. ೧೮೬೩ ರ ಸುಮಾರಿಗೆ ಮೈಸೂರಿನಲ್ಲಿ ಮುಂಬಯಿ ಪದ್ಧತಿಯ ಮೋಜಣಿ ಮತ್ತು ಬಂದೋಬಸ್ತು ಆರಂಭವಾಯಿತು. ಪ್ರತಿಯೊಂದು ನಂಬರಿನ ಮಣ್ಣಿನ ಆಳವನ್ನು ಅಳೆದು, ಬಣ್ಣ ಮತ್ತು ನಯವನ್ನು ನೋಡಿ, ಹದಿನಾರಾಣೆಯ ಲೆಕ್ಕದಲ್ಲಿ ಬೆಲೆ ಕಟ್ಟುವ ಪದ್ಧತಿ ಅದು. ಆಳವಾದ ಕರಿಮಣ್ಣು ಹದಿನಾರಾಣೆ. ಕೆಂಪುಮಣ್ಣು ಅಷ್ಟೇ ಆಳವಾಗಿದ್ದರೂ ಅದಕ್ಕಿಂತ ಕೆಳಗೆ. ಗರಸು ಮಣ್ಣು ಇನ್ನೂ ಕೆಳಗೆ. ದಖನ್ನಿನ ಎರೆಭೂಮಿಯಲ್ಲಿ ರೂಪುಗೊಂಡ ಈ ಮಾನದಂಡ ಅಲ್ಲಿನ ಮಟ್ಟಿಗೆ ಸಮರ್ಪಕವಾಗಿಯೇ ಇತ್ತು. ಅಲ್ಲಿ ಸಾರವೂ ತೇವವೂ ಆಳದಲ್ಲಿಯೇ ಇರುವುದು ನಿಜ. ಆದರೆ ಸಾರವು ತಿಪ್ಪೆಯಿಂದ ಬರುವ ಸೀಮೆಯಲ್ಲಿ ಮಣ್ಣಿನ ಆಳವನ್ನು ಮಾತ್ರ ಅಳೆಯುವುದು ಅರ್ಧ ಲೆಕ್ಕ. ಮೋಜಣಿಯ ಪುಸ್ತಕದಲ್ಲಿ ಖುಷ್ಕಿ, ತರಿ, ಬಾಗಾಯ್ತುಗಳಿಗೆ ಕಾಲಂ ಇತ್ತು. ಇವು ಯಾವುವೂ ಅಲ್ಲದ್ದು ‘ಖರಾಬು’ ಆಯಿತು. ಅಧಿಕಾರಿಗಳು ದುರುದ್ದೇಶದಿಂದ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಗೋಮಾಳ ಕಾವಲುಗಳನ್ನು ಅವರು ಗುರುತಿಸಿಯೇ ಇದ್ದರು. ಆದರೆ ಕಂದಾಯವಿಲ್ಲದ ನೆಲ ಕ್ರಮೇಣ ಉಪಯೋಗವಿಲ್ಲದ ನೆಲವೆಂಬ ಅರ್ಥವನ್ನು ಪಡೆದುಕೊಂಡಿತು.

ಈ ಸಂಬಂಧ ಎಷ್ಟು ಆಳವಾದದ್ದೆಂಬುದನ್ನು ೧೮೭೬–೭೮ ರ ಬರಗಾಲ ತೋರಿಸಿಕೊಟ್ಟಿತು. ೧೮೭೧ ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷಕ್ಕೂ ಮೇಲಿದ್ದುದು ೧೮೮೧ ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಮಲೆನಾಡಿಗಿಂತ ಮೈದಾನದ ಜಿಲ್ಲೆಗಳೇ ಹೆಚ್ಚು ನೊಂದವು. ಹಗೇವಿನ ರಾಗಿ ಒಂದು ವರ್ಷದ ಬರವನ್ನು ತಡೆದುಕೊಳ್ಳಬಲ್ಲದು; ಒಂದರ ಮೇಲೊಂದಾಗಿ ಮಳೆ ತಪ್ಪಿದಾಗ ಹಗೇವು ಬರಿದಾಯಿತು, ಕಾವಲು ಒಣಗಿತು, ದನ ಸತ್ತವು. ಮುಂದೆ ಮಳೆ ಬಂದಾಗ ಬೀಜ ತರಬಹುದಾಗಿತ್ತು. ಹದದೊಳಗೆ ಉಳುವ ಎತ್ತು ಮತ್ತು ತಿಪ್ಪೆಯ ಗೊಬ್ಬರ ಒಮ್ಮೆಲೇ ಹುಟ್ಟುವ ವಸ್ತುಗಳಲ್ಲ. ಬರಗಾಲ ಮುಗಿಯುವುದಕ್ಕೂ ಬೇಸಾಯ ಚೇತರಿಸಿಕೊಳ್ಳುವುದಕ್ಕೂ ನಡುವೆ ವರ್ಷಗಳು ಉರುಳುವುದಕ್ಕೆ ಇದು ಒಂದು ಮುಖ್ಯ ಕಾರಣ. ಚರಿತ್ರೆಯ ಪುಸ್ತಕಗಳು ಮಳೆಯ ಅಂಗುಲಗಳನ್ನೂ ಗಂಜಿಕೇಂದ್ರಗಳನ್ನೂ ಎಣಿಸುತ್ತವೆ. ಸತ್ತ ದನಗಳನ್ನು ಬೇಸಾಯದ ಬಂಡವಾಳವೆಂದು ಎಣಿಸುವುದು ಅಪರೂಪ.

ಬರಗಾಲದ ಬಳಿಕ, ೧೮೮೦ ರ ದಶಕದಲ್ಲಿ, ತುಮಕೂರು, ಗುಬ್ಬಿಗಳಿಗೆ ರೈಲು ಬಂದಿತು. ದವಸ ದೂರದಿಂದ ಬರುವಂತೆ ಆಯಿತು, ಕೊಬ್ಬರಿ ಅಡಕೆ ದೂರ ಹೋಗುವಂತೆ ಆಯಿತು. ಹಗೇವಿನ ಅಗತ್ಯ ಅಂದಿನಿಂದಲೇ ಕುಗ್ಗತೊಡಗಿತೆನ್ನಬಹುದು. ಇಪ್ಪತ್ತನೆಯ ಶತಮಾನದ ಮೊದಲರ್ಧದ ಬದಲಾವಣೆಗಳು ಈ ಚೌಕಟ್ಟಿನೊಳಗೇ ನಡೆದವು. ೧೯೨೩ ರಲ್ಲಿ ಅಮೃತ ಮಹಲ್ ಸೈನಿಕ ಶಾಖೆಯಿಂದ ವ್ಯವಸಾಯ ಇಲಾಖೆಗೆ ವರ್ಗವಾಯಿತು. ಫಿರಂಗಿ ಎಳೆಯುವ ಎತ್ತಿಗೆ ಅಷ್ಟರಲ್ಲಿ ಕೆಲಸ ತಪ್ಪಿತ್ತು. ೧೯೪೦ ರ ದಶಕದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯಲ್ಲಿ ಕಾವಲುಗಳನ್ನು ಸಾಗುವಳಿಗೆ ಬಿಟ್ಟುಕೊಡುವ ಒತ್ತಡ ಬಲವಾಯಿತು. ಭೂಮಿಯಿಲ್ಲದವರಿಗೆ ಭೂಮಿ ಕೊಡಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಆದರೆ ಕೊಟ್ಟದ್ದು ಇಳಿಜಾರಿನ ಗೋಡುಮಣ್ಣಲ್ಲ, ದಿಬ್ಬದ ಗರಸು. ಉತ್ತ ಮೊದಲ ಕೆಲವು ವರ್ಷ ಬೆಳೆ ಬರುತ್ತದೆ. ಹೊದಿಕೆ ಕಳೆದುಕೊಂಡ ತೆಳುಮಣ್ಣು ಹಸ್ತೆ ಚಿತ್ತೆಗಳ ರಭಸದ ಮಳೆಗೆ ಕೆಳಗಿನ ಕೆರೆಯನ್ನು ಸೇರುತ್ತದೆ. ಹೀಗೆ ಭೂಮಿ ಪಡೆದ ಬಡವನಿಗೆ ದೊರೆತದ್ದು ಅಲ್ಪ. ಊರಿನ ದನ ಕಳೆದುಕೊಂಡದ್ದು ಅಧಿಕ.

೧೯೬೪ ರ ಭೂಕಂದಾಯ ಅಧಿನಿಯಮದ ಮೇರೆಗೆ ೧೯೬೬ ರಲ್ಲಿ ರಚಿತವಾದ ನಿಯಮಗಳು ಊರಿನ ನೂರು ರಾಸುಗಳಿಗೆ ಮೂವತ್ತು ಎಕರೆಯಂತೆ ಗೋಮಾಳವನ್ನು ಕಾಯ್ದಿರಿಸಬೇಕೆಂದು ವಿಧಿಸುತ್ತವೆ. ಒಂದು ರಾಸಿಗೆ ಹನ್ನೆರಡು ಗುಂಟೆ. ವರ್ಷದಲ್ಲಿ ಕೆಲವೇ ತಿಂಗಳು ಹಸುರಾಗಿರುವ ಕೆಂಪುನೆಲದ ಹುಲ್ಲು ಇಷ್ಟರಲ್ಲಿ ಒಂದು ದನವನ್ನು ಸಾಕಲಾರದೆಂಬುದು ಯಾವ ರೈತನಿಗೂ ತಿಳಿದ ವಿಷಯ. ಇನ್ನೊಂದು ತೊಡಕೂ ಈ ಲೆಕ್ಕದಲ್ಲಿದೆ. ದನ ಕಡಮೆಯಾದರೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ, ಗೋಮಾಳ ಕಡಮೆಯಾದರೆ ದನ ಕಡಮೆಯಾಗುತ್ತದೆ. ೧೯೯೧ ರಿಂದೀಚೆಗೆ ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕೆ ಅವಕಾಶ ದೊರೆತ ಮೇಲೆ ಈ ಚಕ್ರ ಇನ್ನಷ್ಟು ವೇಗವಾಗಿ ತಿರುಗಿತು.

ನಡುವೆ ನೀಲಗಿರಿಯ ಪ್ರಕರಣವೊಂದು ಬಂದಿತು. ೧೯೮೦ ರ ದಶಕದ ಸಾಮಾಜಿಕ ಅರಣ್ಯ ಯೋಜನೆ ‘ಪಾಳುಭೂಮಿ’ಯನ್ನು ಹಸುರುಗೊಳಿಸುವ ಹೆಸರಿನಲ್ಲಿ ಗೋಮಾಳಗಳಲ್ಲಿಯೂ ರಾಗಿಯ ಬೆದ್ದಲಿನಲ್ಲಿಯೂ ನೀಲಗಿರಿಯನ್ನು ಹರಡಿತು. ನೀಲಗಿರಿಯ ಎಲೆಯನ್ನು ದನ ತಿನ್ನದು, ಅದರ ಅಡಿ ಹುಲ್ಲು ಚೆನ್ನಾಗಿ ಬಾರದು. ೧೯೮೩ ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವುಗಳ ಬೀಜ ಹಾಕಿದರು. ಆ ಘಟನೆಯನ್ನು ಪರಿಸರ ಚಳವಳಿಯ ಚರಿತ್ರೆಯಲ್ಲಿ ಸೇರಿಸುವುದು ರೂಢಿ. ಬೇಸಾಯದ ಚರಿತ್ರೆಯಲ್ಲಿಯೂ ಅದಕ್ಕೆ ಸ್ಥಾನವಿರಬೇಕು. ಪಾಳು ಎಂದು ಬರೆದ ನೆಲ ಪಾಳಲ್ಲವೆಂದು ಅದನ್ನು ಬಳಸುವವರೇ ಹೇಳಿದ ಸಂದರ್ಭ ಅದು.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ೧೯೭೯ ರಲ್ಲಿ ಪೂರ್ಣಗೊಂಡು, ಮುಂದೆ ನಾಲೆಯ ನೀರು ಗುಬ್ಬಿ, ತುಮಕೂರು ಕಡೆಗೆ ಹರಿಯಿತು. ಕೊಳವೆಬಾವಿ ಎಲ್ಲೆಡೆ ಹಬ್ಬಿತು. ಹಿಂದೆ ತಗ್ಗಿಗೆ ಸೀಮಿತವಾಗಿದ್ದ ಅಡಕೆ ತೆಂಗುಗಳು ಇಳಿಜಾರನ್ನು ಏರಿದವು. ಮಣ್ಣು ವಿಧಿಸಿದ್ದ ವಿಂಗಡಣೆಯನ್ನು ವಿದ್ಯುತ್ ಪಂಪು ಅಳಿಸಿತೆನ್ನಬೇಕು. ಅಂತರ್ಜಲದ ಮಟ್ಟ ಎಲ್ಲಿಯವರೆಗೆ ಅದಕ್ಕೆ ಅವಕಾಶ ಕೊಡುವುದೋ ಅಲ್ಲಿಯವರೆಗೆ. ರಾಗಿಯೇನೂ ಮಾಯವಾಗಲಿಲ್ಲ. ಮಂಡ್ಯದ ವಿ. ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ರೂಪಿಸಿದ ಇಂಡಾಫ್ ತಳಿಗಳು ಎಕರೆಯ ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದವು. ಆದರೆ ಹೆಚ್ಚು ಕೊಡುವ ತಳಿ ಹೆಚ್ಚು ಸಾರವನ್ನೂ ಕೇಳುತ್ತದೆ. ಕೊಟ್ಟಿಗೆ ಬರಿದಾದ ಊರುಗಳಲ್ಲಿ ಅದು ಚೀಲದ ಗೊಬ್ಬರದ ರೂಪದಲ್ಲಿ ಬರುತ್ತಿದೆ. ಚೀಲದ ಗೊಬ್ಬರ ಸಾರಜನಕವನ್ನೂ ರಂಜಕವನ್ನೂ ಕೊಡಬಲ್ಲದು. ಕೆಂಪುಮಣ್ಣು ತೇವ ಹಿಡಿಯುವುದಕ್ಕೆ ಬೇಕಾದ ಕೊಳೆತ ಸಸ್ಯಾಂಶವನ್ನು ಕೊಡಲಾರದು. ನಡುಮಳೆಯ ಒಣಗಾಲದಲ್ಲಿ ತಿಪ್ಪೆಗೊಬ್ಬರ ಉಂಡ ಹೊಲಕ್ಕೂ ಬರಿಯ ಚೀಲದ ಗೊಬ್ಬರ ಉಂಡ ಹೊಲಕ್ಕೂ ಕಾಣುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಯಾವ ಊರಿನಲ್ಲಾದರೂ ಸ್ವತಃ ನೋಡಿ ತಿಳಿಯಬಹುದು.

ಕಾವಲುಗಳ ಈಚಿನ ಸ್ಥಿತಿಗೆ ಮೂರು ನಿದರ್ಶನ ಸಾಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ೬೧೫ ಎಕರೆಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ೨೦೧೬ ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, ೨೦೨೩ ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಫಿರಂಗಿ ಎತ್ತುಗಳಿಗಾಗಿ ಕಾಯ್ದಿಟ್ಟ ಬಗೆಯ ನೆಲ ಮತ್ತೆ ದೇಶರಕ್ಷಣೆಯ ಕೆಲಸಕ್ಕೇ ಹೋಯಿತೆಂದು ಒಬ್ಬರು ಚಮತ್ಕಾರವಾಗಿ ಹೇಳಬಹುದು. ಮೇಲೆ ಹೇಳಿದ ಗೋಮಾಳದ ನಿಯಮದ ಲೆಕ್ಕದಲ್ಲಿಯೇ ನೋಡಿದರೆ ಅಷ್ಟು ನೆಲ ಎರಡು ಸಾವಿರ ರಾಸುಗಳ ಪಾಲು. ಕುಣಿಗಲ್ಲಿನ ಕುದುರೆ ಫಾರಂ ೧೯೯೦ ರ ದಶಕದಲ್ಲಿ ಪಂದ್ಯದ ಕುದುರೆಗಳ ಸಾಕಣೆಗೆಂದು ಗುತ್ತಿಗೆಗೆ ಹೋಯಿತು. ಈಚಿನ ವರ್ಷಗಳಲ್ಲಿ ಆ ನೆಲದ ಮೇಲೆ ಬಡಾವಣೆ ನಿರ್ಮಿಸುವ ಪ್ರಸ್ತಾಪವೂ, ಅದಕ್ಕೆ ಊರವರ ವಿರೋಧವೂ ಕೇಳಿಬಂದಿವೆ. ಮೂರನೆಯದು ಈ ಮೂರು ತಾಲ್ಲೂಕುಗಳ ಹೊರಗೆ, ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿದೆ. ಜಯಮಂಗಲಿಯ ಬಯಲಿನ ಮೈದನಹಳ್ಳಿಯಲ್ಲಿ ೭೯೮ ಎಕರೆ ಹುಲ್ಲುಗಾವಲನ್ನು ಕೃಷ್ಣಮೃಗಗಳಿಗಾಗಿ ೨೦೦೭ ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಹುಲ್ಲು ಹುಲ್ಲಾಗಿಯೇ ಉಳಿಯಬೇಕೆಂದು ಸರ್ಕಾರ ಒಪ್ಪಿಕೊಂಡ ವಿರಳ ಉದಾಹರಣೆ ಅದು. ಒಪ್ಪಿಕೊಂಡದ್ದು ಮೃಗದ ಸಲುವಾಗಿ, ಹೊಲದ ಸಲುವಾಗಿ ಅಲ್ಲ.

ತಳಿಯ ಎತ್ತುಗಳಾದರೋ ಇನ್ನೂ ಇವೆ. ತಿಪಟೂರಿನ ಕೊನೇಹಳ್ಳಿಯಲ್ಲಿ ಅಮೃತ ಮಹಲ್ ಹಿಂಡನ್ನು ಸರ್ಕಾರ ಸಾಕುತ್ತಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಕಾಲಕ್ಕೆ ನೆರೆಯುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳು ಈಗಲೂ ಸಾಲುಗಟ್ಟಿ ನಿಲ್ಲುತ್ತವೆ. ಅವುಗಳಲ್ಲಿ ಅನೇಕವು ಬೆಳೆದದ್ದು ಕಾವಲಿನ ಹುಲ್ಲಿನಲ್ಲಲ್ಲ. ಕೊಟ್ಟಿಗೆಯಲ್ಲಿ ಹಿಂಡಿ, ಬೂಸ, ಕೊಳವೆಬಾವಿಯ ನೀರಿನಲ್ಲಿ ಬೆಳೆಸಿದ ಸೀಮೆಹುಲ್ಲು, ಮತ್ತು ಹೊಲದಿಂದ ಬಂದ ರಾಗಿಯ ಹುಲ್ಲು ತಿಂದು.